ಓದಿನ ಮಟ್ಟವನ್ನು ಅಳೆಯುವ ಬಗೆ: ಒಂದು ಚಾರಿತ್ರಿಕ ಪರಿಶೀಲನೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ತರಗತಿಗೆ ತಕ್ಕಷ್ಟು ಓದಬಲ್ಲರೇ ಎಂಬ ಪ್ರಶ್ನೆ ಮಹತ್ತ್ವದ್ದು. ಅದಕ್ಕೆ ಉತ್ತರ ಹುಡುಕುವ ಮುನ್ನ, 'ತಕ್ಕಷ್ಟು' ಎಂಬುದನ್ನು ಗೊತ್ತುಪಡಿಸಿದವರು ಯಾವುದನ್ನು ಓದೆಂದು ಎಣಿಸಿದರು ಎಂದು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕನ್ನಡ ಸೀಮೆಯ ಶಾಲೆಗಳನ್ನು ಕುರಿತ ಹಳೆಯ ವರದಿಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಬರೆದುದು ಮುಖ್ಯವಾದುದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಆತನು ಎಣಿಸಿದ ಶಾಲೆಗಳು 533, ವಿದ್ಯಾರ್ಥಿಗಳು 6,641; ಶಾಲೆಗಳಲ್ಲಿ 235 ಕನ್ನಡದವು. ಮರಳಿನ ಮೇಲೆ ಅಕ್ಷರ ತಿದ್ದಿಸುವ ಮಿತವ್ಯಯವನ್ನೂ, ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುವ ಪದ್ಧತಿಯನ್ನೂ ಆತನು ಮೆಚ್ಚಿದನು. ಆದರೆ ಹುಡುಗರು ಹಳೆಯ ಪದ್ಯಗಳನ್ನು ಅರ್ಥವರಿಯದೆ ಬಾಯಿಪಾಠ ಒಪ್ಪಿಸುವರೆಂದು ಆಕ್ಷೇಪಿಸಿದನು. ಮಠದ ಅಯ್ಯನವರಿಗೆ ಕಂಠಪಾಠವೇ ಓದಿನ ಸಿದ್ಧಿ, ಕಲೆಕ್ಟರನಿಗೆ ಅರ್ಥಗ್ರಹಣ. ಒಬ್ಬನೇ ಹುಡುಗನು ಒಂದು ಅಳತೆಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುತ್ತಿದ್ದನು.

ಸಾಗರ ಸೀಮೆಯನ್ನೊಳಗೊಂಡ ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಬಂದಿತು. ಹಳ್ಳಿಯ ಓದು ಕ್ರಮೇಣ ಇಲಾಖೆಯ ಪಠ್ಯಪುಸ್ತಕಕ್ಕೂ ತನಿಖೆಗೂ ಒಳಪಟ್ಟಿತು. ಇದೇ ಕಾಲದಲ್ಲಿ ಇಂಗ್ಲೆಂಡು ಅಳತೆಗೆ ಹಣವನ್ನು ಗಂಟುಹಾಕಿ ನೋಡಿತು. ಅಲ್ಲಿನ 1862ರ ನಿಯಮಾವಳಿಯಂತೆ ಇನ್‌ಸ್ಪೆಕ್ಟರರ ಮುಂದೆ ಮಗು ಓದಿದರೆ ಶಾಲೆಗೆ ಧನಸಹಾಯ, ತಪ್ಪಿದರೆ ಕಡಿತ. ಪರಿಣಾಮವೇನೆಂದರೆ, ಮಕ್ಕಳು ಪರೀಕ್ಷೆಯ ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಕ್ಯಾಂಬೆಲ್ ಆಕ್ಷೇಪಿಸಿದ ದೋಷವನ್ನು ಅಳತೆಯೇ ಹುಟ್ಟಿಸಿತು.

ಈಚಿನ ಅಳತೆಗಳು ಇದಕ್ಕಿಂತ ಎಚ್ಚರದವು. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಮಗುವಿನ ಮನೆಗೇ ಹೋಗಿ ಅಕ್ಷರ, ಪದ, ಸರಳ ವಾಕ್ಯವೃಂದ, ಎರಡನೆಯ ತರಗತಿಯ ಮಟ್ಟದ ಕಥೆ ಇವುಗಳನ್ನು ಒಬ್ಬೊಬ್ಬರಿಂದಲೇ ಓದಿಸುತ್ತಾರೆ. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯು ನಿಮಿಷಕ್ಕೆ ಎರಡನೆಯ ತರಗತಿಗೆ 45ರಿಂದ 60 ಪದ, ಮೂರನೆಯ ತರಗತಿಗೆ ಕನಿಷ್ಠ 60 ಪದ ಎಂದು ಗುರಿಯಿಟ್ಟಿತು.

ಇಲ್ಲಿ ಕನ್ನಡದ ತೊಡಕೊಂದಿದೆ. ಹಿಂದಿಯಲ್ಲಿ 'ಘರ್ ಸೇ' ಎಂಬ ಎರಡು ಪದಗಳು ಕನ್ನಡದಲ್ಲಿ 'ಮನೆಯಿಂದ' ಎಂಬ ಒಂದೇ ಪದ. 'ಮನೆಯಲ್ಲಿದ್ದವರಿಗೆ' ಎಂಬುದೂ ಎಣಿಕೆಗೆ ಒಂದೇ. ಆದುದರಿಂದ ನಿಮಿಷಕ್ಕೆ ಇಷ್ಟು ಪದವೆಂಬ ಒಂದೇ ಗೆರೆ ಎಲ್ಲ ಭಾಷೆಗಳಿಗೂ ಸಲ್ಲದು. ಎನ್‌ಸಿಇಆರ್‌ಟಿಯು 2022ರಲ್ಲಿ ಮೂರನೆಯ ತರಗತಿಯ ಮಕ್ಕಳನ್ನು 20 ಭಾಷೆಗಳಲ್ಲಿ ಪರೀಕ್ಷಿಸಿ, ಭಾಷೆಭಾಷೆಗೂ ಬೇರೆ ಮಟ್ಟ ಗೊತ್ತುಪಡಿಸಿದ್ದು ಸರಿಯಾದ ಹೆಜ್ಜೆ.

ಇನ್ನೊಂದು ಮಾತು. ಅಸರ್ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆಗಳನ್ನು ಆಯುತ್ತದೆ. ಅದರ ಅಂಕಿ ಶಿವಮೊಗ್ಗದ ಗ್ರಾಮಭಾಗಕ್ಕೆ ಒಟ್ಟಾಗಿ ಸಲ್ಲುವುದೇ ಹೊರತು, ಲಿಂಗನಮಕ್ಕಿ ಹಿನ್ನೀರಿನಾಚೆಯ ಕರೂರು ಹೋಬಳಿಯ ಒಂದು ಶಾಲೆಗಲ್ಲ. ಆ ಅಂಕಿಯಿಂದ ಅಲ್ಲಿನ ಉಪಾಧ್ಯಾಯರನ್ನು ದೂರುವುದು ನ್ಯಾಯವಲ್ಲ.

ಇಷ್ಟರಿಂದ ಅಳತೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಅಳೆಯದಿದ್ದರೆ ಓದಲಾರದ ಮಗು ಸದ್ದಿಲ್ಲದೆ ಮೇಲಿನ ತರಗತಿಗೆ ಸಾಗುತ್ತದೆ; ಅದರ ಸೋಲು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅಕ್ಷರಜ್ಞಾನ, ಓದಿನ ಸರಾಗ, ಅರ್ಥಗ್ರಹಣ ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿ, ಫಲಿತಾಂಶವನ್ನು ಮೊದಲು ಆ ಮಗುವಿನ ಉಪಾಧ್ಯಾಯರ ಕೈಗೆ ಕೊಡಬೇಕೆಂಬುದೇ ಈ ಚರಿತ್ರೆಯಿಂದ ನಮಗೆ ಕಂಡುಬರುವ ಪಾಠ.