ಬೇಕಲ ಕೋಟೆಯ ನಿರ್ಮಾತೃ

ಕಾಸರಗೋಡು ಸೀಮೆಯ ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪನಾಯಕನು (1645–1660) ಕಟ್ಟಿಸಿದನೆಂಬುದು ಪ್ರಸಿದ್ಧವಾದ ಮಾತು. ಕೋಲತ್ತಿರಿ ಅರಸರ ಕಾಲದಲ್ಲಿಯೇ ಅಲ್ಲಿ ದುರ್ಗವಿದ್ದಿತೆಂಬುದು ಇನ್ನೊಂದು ಪಕ್ಷ. ಮೊದಲನೆಯದಕ್ಕೆ ಮುಖ್ಯ ಆಧಾರವು ಲಿಂಗಣ್ಣಕವಿಯ ‘ಕೆಳದಿನೃಪವಿಜಯ’. ಆದರೆ ಅದು 18ನೆಯ ಶತಮಾನದ ಕೃತಿ. ನಾಯಕನಿಗೂ ಕವಿಗೂ ನಡುವೆ ಸುಮಾರು ನೂರು ವರ್ಷಗಳ ಅಂತರವುಂಟು. ಮೇಲಾಗಿ ಅದು ರಾಜವಂಶದ ಕೀರ್ತಿಯನ್ನು ಹಾಡಲು ಹುಟ್ಟಿದ ಕಾವ್ಯ. 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನು ಕಡಲಿಗೆ ಚಾಚಿದ ದಿಬ್ಬದ ಮೇಲಿನ ಬಲವಾದ ಕೋಟೆಯನ್ನು ಕಂಡು ಬರೆದಿಟ್ಟನು. ಅದು ಕೋಟೆಯ ಅಂದಿನ ಸ್ಥಿತಿಗೆ ಸಾಕ್ಷಿಯೇ ಹೊರತು ಕಟ್ಟಿಸಿದವನ ಹೆಸರಿಗಲ್ಲ. ‘ಕಟ್ಟಿಸಿದನು’ ಎಂಬ ಮಾತಾದರೂ ಹಳೆಯ ಗೋಡೆಯನ್ನು ಬಲಪಡಿಸಿದವನಿಗೂ ಸಲ್ಲಬಹುದು. ಆದುದರಿಂದ ಈಗಿನ ಕೋಟೆಯನ್ನು ಕೆಳದಿಯವರದೆನ್ನಬಹುದಾದರೂ ಅಲ್ಲಿಯ ಮೊದಲ ಕಲ್ಲೂ ಅವರದೇ ಎನ್ನಲು ಕಾವ್ಯವೊಂದೇ ಸಾಲದು. ಶಾಸನ, ಸಮಕಾಲೀನ ಬರಹ, ತಳಪಾಯದ ಪರೀಕ್ಷೆ ಇವುಗಳ ಸಾಕ್ಷ್ಯವೂ ಅದರೊಡನೆ ಕೂಡಬೇಕು.