ಹನೋಯ್‌ನಿಂದ ಸೈಗಾನ್‌ಗೆ ಒಂದೇ ಹಳಿ

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಒಂದು ಸೇತುವೆ ಇದೆ. ಹೆಸರು ಲಾಂಗ್ ಬಿಯೆನ್. ಕೆಂಪು ನದಿಯ ಮೇಲೆ ಸುಮಾರು 1.7 ಕಿಲೋಮೀಟರ್ ಉದ್ದದ ಕಬ್ಬಿಣದ ಸೇತುವೆ. ಮಧ್ಯದಲ್ಲಿ ರೈಲು ಹಳಿ, ಎರಡೂ ಪಕ್ಕದಲ್ಲಿ ಬೈಕು, ಸೈಕಲ್ಲು. ಕಾರಿಗೆ ಪ್ರವೇಶ ಇಲ್ಲ. ಎಲ್ಲ ಕಡೆ ತುಕ್ಕು. ದಡದಲ್ಲಿ ನಿಂತು ನೋಡಿದರೆ ಸೇತುವೆಯ ಬೆನ್ನು ಒಂದೇ ಸಮ ಇಲ್ಲ. ಸ್ವಲ್ಪ ದೂರ ಎತ್ತರದ ತ್ರಿಕೋನದ ಟ್ರಸ್, ಇದ್ದಕ್ಕಿದ್ದಂತೆ ಚಪ್ಪಟೆ, ಮತ್ತೆ ಎತ್ತರ. ಅಲ್ಲಲ್ಲಿ ಹಲ್ಲು ಉದುರಿದ ಬಾಯಿ ಥರ.

ನಾನು ಎಂಜಿನಿಯರಿಂಗ್ ಓದಿದವನು. ಕಾಲೇಜಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತು ಟಿವಿಗೆ ಬಂದವನು. ಆದರೂ, ಯಾವ ಎಂಜಿನಿಯರೂ ಬೇಕು ಅಂತ ಹೀಗೆ ಕಟ್ಟಿರಲಾರ ಅನ್ನುವಷ್ಟು ಅರ್ಥ ಆಯಿತು. ಫ್ರೆಂಚರು 1899ರಿಂದ 1902ರ ನಡುವೆ ಕಟ್ಟಿದ್ದು ಇದು. ಆಗಿನ ಗವರ್ನರ್ ಜನರಲ್ ಪಾಲ್ ದೂಮೆ ಹೆಸರನ್ನೇ ಇಟ್ಟಿದ್ದರು. 1967ರ ಆಗಸ್ಟ್ 11ರಂದು ಅಮೆರಿಕದ ವಿಮಾನಗಳು ಇದರ ಮೇಲೆ ಬಾಂಬ್ ಹಾಕಿದವು. ಜನ ರಿಪೇರಿ ಮಾಡಿದರು. ಮತ್ತೆ ಬಾಂಬ್ ಬಿತ್ತು, ಮತ್ತೆ ರಿಪೇರಿ. 1972ರಲ್ಲಿ ಮತ್ತೊಮ್ಮೆ. ಸಿಕ್ಕ ಕಬ್ಬಿಣದಲ್ಲಿ, ಸಿಕ್ಕ ಸಮಯದಲ್ಲಿ ತೇಪೆ ಹಾಕಿದ ಜಾಗಗಳೇ ಆ ಚಪ್ಪಟೆ ಭಾಗಗಳು.

ಪ್ರವಾಸಕ್ಕೆ ಅಂತಲೇ ಹೋಗಿದ್ದೆ. ಈಗ ನಮ್ಮ ಜನ ವಿಯೆಟ್ನಾಂಗೆ ಹೋಗೋದು ಗೋವಾಕ್ಕೆ ಹೋದಷ್ಟು ಮಾಮೂಲಾಗಿದೆ. ಆದರೆ ಆ ಸೇತುವೆ ಮೇಲೆ ನಿಂತಾಗ ನನಗೆ ನೆನಪಾದದ್ದು ಸ್ಟುಡಿಯೋದ ಒಂದು ರಾತ್ರಿ.

ಗಡಿಯಲ್ಲಿ ಬಿಸಿ ಏರಿದ್ದ ದಿನಗಳು. ಪ್ರೈಮ್ ಟೈಮ್. ನನ್ನ ಹಿಂದೆ ದೊಡ್ಡ ಪರದೆ, ಅದರ ಮೇಲೆ ಕ್ಷಿಪಣಿ ಹಾರುವ ಗ್ರಾಫಿಕ್ಸ್. ಯಾವ ಕ್ಷಿಪಣಿ ಎಷ್ಟು ಕಿಲೋಮೀಟರ್ ಹೋಗುತ್ತೆ, ಎಷ್ಟು ನಿಮಿಷದಲ್ಲಿ ಮುಟ್ಟುತ್ತೆ ಅಂತ ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಫೋನ್-ಇನ್‌ನಲ್ಲಿ ಗದಗ ಕಡೆಯ ಒಬ್ಬ ತಾಯಿ ಸಿಕ್ಕರು. ಕೂಗಾಡಲಿಲ್ಲ, ಅಳಲಿಲ್ಲ. "ತಮ್ಮಾ, ನನ್ನ ಮಗ ಅಲ್ಲೇ ಅದಾನ. ಯುದ್ಧ ಆದ ಮ್ಯಾಲ ಏನಾಗ್ತದ, ಅದನ್ನೂ ಒಂದೀಟು ಹೇಳಪಾ" ಅಂದರು. ನಾನು "ಒಂದು ಚಿಕ್ಕ ವಿರಾಮ" ಅಂದೆ. ವಿರಾಮ ಮುಗಿದು ಬಂದಾಗ ಲೈನಿನಲ್ಲಿ ಬೇರೆಯವರಿದ್ದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಯೆಟ್ನಾಂನಲ್ಲಿ ಹನೋಯ್‌ನಿಂದ ಸೈಗಾನ್‌ವರೆಗೆ ರೈಲಿನಲ್ಲಿ ಹೋದಾಗ ಸ್ವಲ್ಪ ಸ್ವಲ್ಪವೇ ಸಿಕ್ಕಿತು.

ಮೊದಲು ಹನೋಯ್. 1010ರಲ್ಲಿ ಲೀ ಥಾಯ್ ತೋ ಎಂಬ ದೊರೆ ರಾಜಧಾನಿ ಮಾಡಿಕೊಂಡ ಊರು. ಸಾವಿರ ವರ್ಷದ ಮೇಲಾಯಿತು. 1945ರ ಸೆಪ್ಟೆಂಬರ್ 2ರಂದು ಇಲ್ಲಿನ ಬಾ ದಿನ್ ಚೌಕದಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು. ತಮಾಷೆ ನೋಡಿ, ಆ ಭಾಷಣ ಶುರುವಾಗಿದ್ದೇ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತಿನಿಂದ! ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಅಮೆರಿಕದ ವಿಮಾನಗಳು ಅವರ ನೆತ್ತಿಯ ಮೇಲಿದ್ದವು.

ಊರ ಮಧ್ಯೆ ಹೋವಾ ಲೋ ಜೈಲಿದೆ, ಈಗ ಮ್ಯೂಸಿಯಂ. ಫ್ರೆಂಚರು ವಿಯೆಟ್ನಾಂ ಹೋರಾಟಗಾರರನ್ನು ಕೂಡಿಹಾಕಲು ಕಟ್ಟಿದ್ದು. ಅವರು ಬಳಸಿದ ಗಿಲೋಟಿನ್ ಕೂಡ ಅಲ್ಲೇ ಇಟ್ಟಿದ್ದಾರೆ. ಮುಂದೆ ಇದೇ ಜೈಲಿನಲ್ಲಿ ವಿಯೆಟ್ನಾಮಿಗಳು ಅಮೆರಿಕದ ಪೈಲಟ್‌ಗಳನ್ನು ಇಟ್ಟರು. ಅವರಲ್ಲಿ ಒಬ್ಬರು ಜಾನ್ ಮೆಕೇನ್. 1967ರ ಅಕ್ಟೋಬರ್‌ನಲ್ಲಿ ವಿಮಾನ ಉರುಳಿ ಹನೋಯ್‌ನ ಕೆರೆಯೊಂದಕ್ಕೆ ಬಿದ್ದು ಸೆರೆ ಸಿಕ್ಕವರು, ಬಿಡುಗಡೆಯಾದದ್ದು 1973ರಲ್ಲಿ. ಮ್ಯೂಸಿಯಂನಲ್ಲಿ ಕೈದಿಗಳು ಬಾಸ್ಕೆಟ್‌ಬಾಲ್ ಆಡುವ, ಕ್ರಿಸ್‌ಮಸ್ ಆಚರಿಸುವ ಫೋಟೋಗಳಿವೆ. ತಮಗೆ ಅಲ್ಲಿ ಚಿತ್ರಹಿಂಸೆ ಆಯಿತು ಅಂತ ಮೆಕೇನ್ ಮತ್ತು ಜೊತೆಯವರು ಹೇಳಿದ್ದಾರೆ. ಆ ಮಾತು ಗೋಡೆಯ ಮೇಲೆ ಕಾಣಲಿಲ್ಲ. ನಾನೂ ಎಡಿಟಿಂಗ್ ರೂಮಿನಿಂದ ಬಂದವನೇ. ಯಾವ ಶಾಟ್ ಇಡಬೇಕು, ಯಾವುದನ್ನು ಕತ್ತರಿಸಬೇಕು ಅನ್ನುವ ಕಲೆ ಎಲ್ಲ ದೇಶಕ್ಕೂ ಗೊತ್ತು.

ಆದರೆ ಅದೇ ಮೆಕೇನ್ ಮುಂದೆ ಸೆನೆಟರ್ ಆಗಿ, ವಿಯೆಟ್ನಾಂ ಜೊತೆ ಮತ್ತೆ ಸಂಬಂಧ ಬೆಳೆಸಬೇಕು ಅಂತ ದುಡಿದರು. 1995ರಲ್ಲಿ ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಶುರುವಾಯಿತು. ಐದು ವರ್ಷಕ್ಕೂ ಹೆಚ್ಚು ಸೆರೆಯಲ್ಲಿ ಕೊಳೆತವನು ಕೈ ಚಾಚಬಲ್ಲ. ಸ್ಟುಡಿಯೋದ ಎಸಿಯಲ್ಲಿ ಕೂತ ನಮಗೆ ಯಾಕೆ ಅಷ್ಟು ಕಷ್ಟ?

ಹನೋಯ್‌ನಲ್ಲಿ ರಾತ್ರಿ ರೈಲು ಹತ್ತಿದೆ. ಸೈಗಾನ್‌ವರೆಗೆ 1,726 ಕಿಲೋಮೀಟರ್. ಇಡೀ ಮಾರ್ಗ ಮೀಟರ್ ಗೇಜ್. ಹಿಂದೆ ಬೆಂಗಳೂರು–ಮೈಸೂರು ನಡುವೆ ಓಡುತ್ತಿತ್ತಲ್ಲ, ಅದೇ ಅಳತೆ. ಹಿರಿಯರಿಗೆ ಆ ತೂಗಾಟ ನೆನಪಿರಬಹುದು. ಫ್ರೆಂಚರು ಶುರು ಮಾಡಿದ ಈ ಮಾರ್ಗ ಪೂರ್ತಿಯಾಗಿದ್ದು 1936ರಲ್ಲಿ. ಹದಿನೆಂಟೇ ವರ್ಷಕ್ಕೆ ದೇಶದ ಜೊತೆ ಹಳಿಯೂ ತುಂಡಾಯಿತು.

1954ರಲ್ಲಿ ಜಿನೀವಾ ಒಪ್ಪಂದ ಆಯಿತು. 17ನೇ ಅಕ್ಷಾಂಶದ ಹತ್ತಿರ ಹರಿಯುವ ಬೆನ್ ಹೈ ನದಿಯೇ ಗಡಿ. ಉತ್ತರದಲ್ಲಿ ಕಮ್ಯುನಿಸ್ಟ್ ಸರ್ಕಾರ, ದಕ್ಷಿಣದಲ್ಲಿ ಇನ್ನೊಂದು. ಇದು ತಾತ್ಕಾಲಿಕ, 1956ರಲ್ಲಿ ಚುನಾವಣೆ ಮಾಡಿ ಒಂದಾಗಿಸೋಣ ಅಂದರು. ಆ ಚುನಾವಣೆ ನಡೆಯಲೇ ಇಲ್ಲ. ಒಪ್ಪಂದದ ಮೇಲೆ ಕಣ್ಣಿಡಲು ಮೂರು ದೇಶಗಳ ಆಯೋಗ ಮಾಡಿದರು: ಭಾರತ, ಕೆನಡಾ, ಪೋಲೆಂಡ್. ಅಧ್ಯಕ್ಷತೆ ಭಾರತದ್ದು. ನಮ್ಮ ಅಧಿಕಾರಿಗಳು, ಸೈನಿಕರು ಆ ಗಡಿಯಲ್ಲಿ ಓಡಾಡಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಿಜ ಹೇಳ್ತೀನಿ, ಹೋಗುವವರೆಗೆ ನನಗೂ ಗೊತ್ತಿರಲಿಲ್ಲ. ಆಯೋಗದ ಕೈಯಲ್ಲಿ ವರದಿ ಬರೆಯುವ ಪೆನ್ನು ಇತ್ತು, ಯುದ್ಧ ತಡೆಯುವ ಶಕ್ತಿ ಇರಲಿಲ್ಲ.

ಹ್ಯುಯೇ ನಗರದಲ್ಲಿ ಇಳಿದು, ಮಾರನೆಯ ದಿನ ಕಾರು ಮಾಡಿಕೊಂಡು ಉತ್ತರಕ್ಕೆ ವಾಪಸ್ ಹೋದೆ, ಆ ಗಡಿಯನ್ನು ನೋಡಬೇಕು ಅಂತ. ಬೆನ್ ಹೈ ನದಿಯ ಮೇಲೆ ಹಿಯೆನ್ ಲುವಾಂಗ್ ಅನ್ನುವ ಸಣ್ಣ ಸೇತುವೆ. ಅರ್ಧ ನೀಲಿ, ಅರ್ಧ ಹಳದಿ. ಹಳೆಯದು ಬಾಂಬಿಗೆ ಹೋಯಿತು, ಇದು ಅದರಂತೆಯೇ ಮತ್ತೆ ಕಟ್ಟಿದ್ದು. ನದಿ ನಮ್ಮ ಊರ ಹೊಳೆಯಷ್ಟೇ ಅಗಲ. ಆಚೆ ದಡದಲ್ಲಿ ನಿಂತವರ ಮುಖ ಕಾಣುತ್ತೆ. ಅಷ್ಟು ಹತ್ತಿರದ ದಡ ಎಷ್ಟೋ ಕುಟುಂಬಗಳಿಗೆ ಇಪ್ಪತ್ತು ವರ್ಷ ದಕ್ಕಲಿಲ್ಲ. ಸುತ್ತಲಿನ ಕ್ವಾಂಗ್ ತ್ರೀ ಸೀಮೆಯ ಹೊಲಗಳಲ್ಲಿ ಸಿಡಿಯದೆ ಉಳಿದ ಬಾಂಬುಗಳನ್ನು ಹುಡುಕಿ ತೆಗೆಯುವ ಕೆಲಸ ಇವತ್ತಿಗೂ ಮುಗಿದಿಲ್ಲ. ಯುದ್ಧ ನಿಂತು ಅರ್ಧ ಶತಮಾನ ಆಯಿತು ಸ್ವಾಮಿ!

ಹ್ಯುಯೇ 1802ರಿಂದ 1945ರವರೆಗೆ ನ್ಗುಯೆನ್ ರಾಜವಂಶದ ರಾಜಧಾನಿ. ಕೊನೆಯ ಚಕ್ರವರ್ತಿ ಬಾವ್ ದಾಯ್ ಸಿಂಹಾಸನ ಬಿಟ್ಟು ಇಳಿದದ್ದು ಇಲ್ಲೇ. ಕೋಟೆ ದೊಡ್ಡದು, ಒಳಗೆ ಹೋದರೆ ಖಾಲಿ ಖಾಲಿ ಹುಲ್ಲು. 1968ರಲ್ಲಿ ವಿಯೆಟ್ನಾಮಿಗಳ ಹೊಸ ವರ್ಷ ತೇತ್ ಹಬ್ಬದ ದಿನ ಉತ್ತರದ ಸೈನ್ಯ ಮತ್ತು ವಿಯೆಟ್ ಕಾಂಗ್ ಹೋರಾಟಗಾರರು ಈ ಊರನ್ನು ಹಿಡಿದರು. ಬಿಡಿಸಿಕೊಳ್ಳಲು ಅಮೆರಿಕ ಮತ್ತು ದಕ್ಷಿಣದ ಸೈನ್ಯಕ್ಕೆ ಮೂರು ವಾರದ ಮೇಲಾಯಿತು. ಅರಮನೆಯ ಬಹುಪಾಲು ಕಟ್ಟಡಗಳು ನೆಲಸಮ. ಹುಲ್ಲು ಬೆಳೆದಿರುವುದು ಅವುಗಳ ಜಾಗದಲ್ಲಿ. ಊರು ಕೈಗೆ ಬಂದ ಮೇಲೆ ಸಾಮೂಹಿಕ ಗೋರಿಗಳು ಸಿಕ್ಕವು. ಊರು ತಮ್ಮ ವಶದಲ್ಲಿದ್ದಾಗ ಕಮ್ಯುನಿಸ್ಟರು ಕೊಂದ ಜನ ಅವರು. ಬಾಂಬಿನ ಕತೆಯನ್ನು ವಿವರವಾಗಿ ಹೇಳಿದ ಗೈಡ್, ಗೋರಿಗಳ ಬಗ್ಗೆ ಕೇಳಿದಾಗ ನಕ್ಕು ಮುಂದಿನ ಬಾಗಿಲು ತೋರಿಸಿದ.

ಅಲ್ಲಿಂದ ರೈಲು ಹೈ ವಾನ್ ಕಣಿವೆಯನ್ನು ಬಳಸಿ ಸಮುದ್ರದ ಅಂಚಿನಲ್ಲೇ ದಾ ನಾಂಗ್‌ಗೆ ಹೋಗುತ್ತೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀಲಿ ನೀರು. 1965ರ ಮಾರ್ಚ್ 8ರಂದು ಅಮೆರಿಕದ ಮರೀನ್ ಸೈನಿಕರು ಬಂದಿಳಿದದ್ದು ಈ ದಾ ನಾಂಗ್ ತೀರದಲ್ಲಿ. ಈಗ ಅದೇ ತೀರದ ಉದ್ದಕ್ಕೂ ಹೋಟೆಲುಗಳ ಸಾಲು, ಸೆಲ್ಫಿ ತೆಗೆಯುವ ಜನ. ಅವರಲ್ಲಿ ಕನ್ನಡ ಮಾತಾಡುವವರೂ ಸಿಕ್ಕರು.

ದಾ ನಾಂಗ್‌ನಿಂದ ಒಳನಾಡಿಗೆ ಹೋದರೆ ಮಿ ಸನ್. ಚಂಪಾ ರಾಜರು ಕಟ್ಟಿದ ಇಟ್ಟಿಗೆಯ ಶಿವಾಲಯಗಳು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮನೆಂಬ ರಾಜ ಇಲ್ಲಿ ಭದ್ರೇಶ್ವರ ಲಿಂಗ ಸ್ಥಾಪಿಸಿದ. ಸಂಸ್ಕೃತ ಶಾಸನಗಳು, ಲಿಂಗ, ನಂದಿ. ಬಾದಾಮಿ ನೋಡಿದವನಿಗೆ ಅಲ್ಲಿ ಪರಿಚಯದ ಗಾಳಿ. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಅತಿ ದೊಡ್ಡ ಗೋಪುರ ಕುಸಿಯಿತು. ಗುಡಿಗಳ ಪಕ್ಕದಲ್ಲೇ ಬಾಂಬ್ ಬಿದ್ದ ಗುಂಡಿಗಳು ಇವೆ. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡಿದ್ದಾರೆ. 2020ರಲ್ಲಿ ಆ ಕೆಲಸದ ವೇಳೆ ಒಂಬತ್ತನೇ ಶತಮಾನದ ಏಕಶಿಲಾ ಲಿಂಗ ಸಿಕ್ಕಿತು.

ಶಿವಾಲಯಕ್ಕೆ ಬಾಂಬ್ ಹಾಕಿದರಲ್ಲ ಅಂತ ರಕ್ತ ಬಿಸಿಯಾಗುವ ಮುನ್ನ ಒಂದು ಮಾತು. ಚಂಪಾ ರಾಜ್ಯವನ್ನು ಮುರಿದದ್ದು ಅಮೆರಿಕ ಅಲ್ಲ. 1471ರಲ್ಲಿ ಉತ್ತರದ ವಿಯೆಟ್ನಾಮಿ ದೊರೆ ಲೇ ಥಾನ್ ತೊಂಗ್ ಚಂಪಾದ ರಾಜಧಾನಿ ವಿಜಯವನ್ನು ಗೆದ್ದ. ಚಾಮ್ ಜನ ಇವತ್ತು ಆ ದೇಶದಲ್ಲಿ ಒಂದು ಸಣ್ಣ ಅಲ್ಪಸಂಖ್ಯಾತ ಸಮುದಾಯ. ಇಪ್ಪತ್ತನೇ ಶತಮಾನದಲ್ಲಿ ಪೆಟ್ಟು ತಿಂದವರೂ ಹಿಂದೊಮ್ಮೆ ಪೆಟ್ಟು ಕೊಟ್ಟವರೇ. ಇತಿಹಾಸವನ್ನು ನಮಗೆ ಬೇಕಾದ ವರ್ಷದಿಂದ ಶುರು ಮಾಡಿದರೆ ಎಲ್ಲರೂ ಅಮಾಯಕರೇ.

ಕೊನೆಗೆ ಸೈಗಾನ್. 1976ರಿಂದ ಅಧಿಕೃತ ಹೆಸರು ಹೋ ಚಿ ಮಿನ್ ನಗರ. ಆಟೋದವನು, ಹೋಟೆಲಿನವನು ಎಲ್ಲರ ಬಾಯಲ್ಲೂ ಇನ್ನೂ ಸೈಗಾನ್. 1975ರ ಏಪ್ರಿಲ್ 30ರಂದು ಉತ್ತರದ ಟ್ಯಾಂಕು ಇಲ್ಲಿನ ಅಧ್ಯಕ್ಷರ ಅರಮನೆಯ ಗೇಟು ಮುರಿದು ನುಗ್ಗಿತು. ಯುದ್ಧ ಮುಗಿಯಿತು. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದಲ್ಲಿ ಸತ್ತ ನಾಗರಿಕರು 20 ಲಕ್ಷ, ತಮ್ಮ ಕಡೆಯ ಯೋಧರು 11 ಲಕ್ಷ. ಅಮೆರಿಕದವರು 58 ಸಾವಿರಕ್ಕೂ ಹೆಚ್ಚು. ಸೋತ ದಕ್ಷಿಣದ ಸೈನಿಕರು ಆ 11 ಲಕ್ಷದಲ್ಲಿ ಇಲ್ಲ.

ಸೋತವರಲ್ಲಿ ಎಷ್ಟೋ ಮಂದಿಯನ್ನು 'ಮರುಶಿಕ್ಷಣ' ಶಿಬಿರಗಳಿಗೆ ಕಳಿಸಿದರು. ಶಿಕ್ಷಣ ಅನ್ನೋದು ಹೆಸರಿಗೆ ಮಾತ್ರ, ಕೆಲವರು ವರ್ಷಗಟ್ಟಲೆ ಒಳಗಿದ್ದರು. ಲಕ್ಷಾಂತರ ಜನ ಸಣ್ಣ ದೋಣಿ ಹತ್ತಿ ಸಮುದ್ರಕ್ಕಿಳಿದರು. ಬಹಳ ಮಂದಿ ದಡ ಸೇರಲೇ ಇಲ್ಲ.

ನಾನು ಉಳಿದುಕೊಂಡ ಗೆಸ್ಟ್‌ಹೌಸಿನ ಯಜಮಾನಿಗೆ ಅರವತ್ತರ ಮೇಲೆ ವಯಸ್ಸು. ಅವರ ಮನೆಯ ಪಿತೃಪೂಜೆಯ ಕಟ್ಟೆಯ ಮೇಲೆ ಎರಡು ಫೋಟೋ. ಒಂದು ಅಪ್ಪನದು, ಒಂದು ದೊಡ್ಡಪ್ಪನದು. ಒಬ್ಬರು ದಕ್ಷಿಣದ ಸೈನ್ಯ, ಇನ್ನೊಬ್ಬರು ಉತ್ತರದ್ದು. "ದೊಡ್ಡಪ್ಪನಿಗೆ ಸರ್ಕಾರದ ಪ್ರಮಾಣಪತ್ರ ಇದೆ. ಅಪ್ಪನಿಗೆ ನಾವು ಹಚ್ಚುವ ಊದುಬತ್ತಿ ಮಾತ್ರ" ಅಂದರು. ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಹಣ್ಣು ಇಟ್ಟಿದ್ದರು.

ಈಗ ಹಳಿಯ ವಿಷಯಕ್ಕೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಆ ಸರ್ಕಾರ ಮೊದಲು ಕೈ ಹಾಕಿದ ದೊಡ್ಡ ಕೆಲಸಗಳಲ್ಲಿ ಈ ರೈಲು ಮಾರ್ಗವೂ ಒಂದು. 1,334 ಸೇತುವೆ, 27 ಸುರಂಗ, 158 ನಿಲ್ದಾಣ ರಿಪೇರಿ ಮಾಡಿದರು. 1976ರ ಡಿಸೆಂಬರ್ 31ರಂದು ಹನೋಯ್–ಸೈಗಾನ್ ಮಾರ್ಗ ಮತ್ತೆ ಒಂದಾಯಿತು. ಬರೀ ಇಪ್ಪತ್ತು ತಿಂಗಳು. ಎಂಜಿನಿಯರ್ ಆಗಿ ನಾನು ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ಕಟ್ಟೆಯ ಮೇಲಿನ ಎರಡು ಫೋಟೋಗಳ ನಡುವಿನ ಸೇತುವೆ? ಅದನ್ನು ಸರ್ಕಾರ ಐವತ್ತು ವರ್ಷವಾದರೂ ಕಟ್ಟಿಲ್ಲ. ಮನೆಯ ಹೆಂಗಸೊಬ್ಬಳು ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ ಕಟ್ಟುತ್ತಿದ್ದಾಳೆ.

ದೇಶಕ್ಕೆ ಸೈನ್ಯ ಬೇಡ ಅನ್ನುವವನು ನಾನಲ್ಲ. ಮನೆಗೆ ನುಗ್ಗಿದವನಿಗೆ ಉತ್ತರ ಕೊಡಲೇಬೇಕು. ವಿಯೆಟ್ನಾಂ ಕೊಟ್ಟ ಪಾಠವೂ ಅದೇ ಅಲ್ವಾ? ಆದರೆ ಕ್ಷಿಪಣಿ ಎಷ್ಟು ನಿಮಿಷಕ್ಕೆ ಮುಟ್ಟುತ್ತೆ ಅಂತ ಹೇಳುವವನು, ಅದು ಮುಟ್ಟಿದ ಮೇಲೆ ಎಷ್ಟು ವರ್ಷ ಹಿಡಿಯುತ್ತೆ ಅನ್ನೋದನ್ನೂ ಹೇಳಬೇಕು. ನಾನು ಹೇಳಿರಲಿಲ್ಲ.

ಗದಗ ಕಡೆಯ ಆ ತಾಯಿಯ ನಂಬರ್ ನನ್ನ ಹತ್ತಿರ ಇಲ್ಲ. ಅವರ ಮಗ ಕ್ಷೇಮವಾಗಿದ್ದಾನೆ ಅಂತ ನಂಬಿಕೊಂಡಿದ್ದೇನೆ. ಅವತ್ತು ವಿರಾಮ ತೆಗೆದುಕೊಂಡದ್ದಕ್ಕೆ ಕ್ಷಮೆ ಇರಲಿ, ಅವ್ವಾ. ನೀವು ಕೇಳಿದ ಪ್ರಶ್ನೆಗೆ ನನಗೆ ಸಿಕ್ಕಷ್ಟು ಉತ್ತರ ಇದು.