ರಾಕಿ ಭಾಯ್ ಇಲ್ಲದ ಕೆ.ಜಿ.ಎಫ್

ನಮ್ಮೂರು ಮಾಲೂರು ಅಂದ ಕೂಡಲೇ ಆಫೀಸಿನಲ್ಲಿ ಬೇರೆ ರಾಜ್ಯದವರು ಕೇಳೋದು ಒಂದೇ ಪ್ರಶ್ನೆ: "ಕೆ.ಜಿ.ಎಫ್ ಹತ್ರಾನಾ? ಅಲ್ಲಿ ನಿಜವಾಗ್ಲೂ ಹಾಗೇ ಇತ್ತಾ?"

ಹಾಗಿರಲಿಲ್ಲ ಸ್ವಾಮಿ. 2018 ಮತ್ತು 2022ರಲ್ಲಿ ಬಂದ ಎರಡೂ ಭಾಗಗಳನ್ನು ನಾನೂ ಶಿಳ್ಳೆ ಹೊಡೆದುಕೊಂಡೇ ನೋಡಿದವನು. ಆದರೆ ಸಿನಿಮಾದಲ್ಲಿ ಚಿನ್ನ ಸಿಗೋದು 1951ರಲ್ಲಿ. ಅಷ್ಟು ಹೊತ್ತಿಗೆ ನಿಜವಾದ ಗಣಿ ಮುದಿಯಾಗಿತ್ತು! ಲೆಫ್ಟಿನೆಂಟ್ ವಾರನ್ ಇಲ್ಲಿ ಚಿನ್ನ ಹುಡುಕಿದ್ದು 1802ರಲ್ಲಿ, ಜಾನ್ ಟೇಲರ್ ಕಂಪನಿ ಬಂದಿದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದೂ ಈ ಗಣಿಗಾಗಿಯೇ. ಬೆಂಗಳೂರಿಗೆ ಬೀದಿದೀಪ ಬಂದಿದ್ದು ಅದಾದ ಮೇಲೆ.

2005ರಲ್ಲಿ ಕ್ರಿಸ್ಟೋಫರ್ ನೋಲನ್ ಬ್ಯಾಟ್‌ಮನ್ ಕಥೆಯನ್ನು ಮೊದಲಿಂದ ಶುರು ಮಾಡಿ, ಆ ಮುಖವಾಡ, ಗವಿ, ಕಾರು ಎಲ್ಲಕ್ಕೂ ನಂಬುವಂಥ ಕಾರಣ ಕೊಟ್ಟ. ನಮ್ಮ ಕೆ.ಜಿ.ಎಫ್ ಕಥೆಗೂ ಯಾರಾದರೂ ಹಾಗೆ ಮಾಡಿದರೆ? ತೊಂದರೆ ಏನಂದ್ರೆ, ಹೀರೋನೇ ಸಿಗಲ್ಲ.

1930ರ ಮುಷ್ಕರವನ್ನೇ ತಗೊಳ್ಳಿ. ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಅಂತ ಕಂಪನಿ ಹೇಳಿತು. ನಾವೇನು ಕಳ್ಳರಾ ಅಂತ ಸಾವಿರಾರು ಜನ ಸುಮಾರು ಮೂರು ವಾರ ಗಣಿಗೆ ಇಳಿಯಲೇ ಇಲ್ಲ. ಆಗ ಅವರಿಗೆ ಕಾರ್ಮಿಕ ಸಂಘ ಅಂತ ಒಂದು ಇರಲೇ ಇಲ್ಲ. ಬಹುಪಾಲು ಜನ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. (ಬೆಳಗ್ಗೆ ಆಫೀಸಿನ ಬಯೋಮೆಟ್ರಿಕ್ ಮೇಲೆ ಬೆರಳು ಇಡುವಾಗಲೆಲ್ಲ ನನಗೆ ಇವರ ನೆನಪು ಬರುತ್ತೆ.) 1946ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಸತ್ತರು. ಅದಕ್ಕೆ ಸ್ಲೋ ಮೋಷನ್ ಹಾಕೋಕಾಗುತ್ತಾ?

ವಿಲನ್ ಕೂಡ ಗರುಡನ ಥರ ಎದುರಿಗೆ ಬಂದು ನಿಲ್ಲೋನಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಬದುಕಿ ಮೇಲೆ ಬಂದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್. ಸಿನಿಮಾ ಸೆಟ್ ಹಾಕಿದ ಆ ಸೈನೈಡ್ ದಿಬ್ಬಗಳು ಇವೆಯಲ್ಲ, ಅವು ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಗಾಳಿ ಎದ್ದರೆ ಇವತ್ತಿಗೂ ಮನೆಗಳ ಮೇಲೆ ಬಂದು ಬೀಳುತ್ತೆ.

2024ರಲ್ಲಿ ಪಾ. ರಂಜಿತ್ ತಮಿಳಿನಲ್ಲಿ 'ತಂಗಲಾನ್' ಮಾಡಿದರು. ಮಣ್ಣು, ಬೆವರು, ಜಾತಿ ಎಲ್ಲ ಇತ್ತು. ಆದರೂ ಚಿನ್ನ ಕಾಯೋಕೆ ಒಬ್ಬಳು ಮಾಯಾವಿ ಬೇಕಾದಳು ನೋಡಿ!

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕ್ಲೈಮ್ಯಾಕ್ಸಿನಲ್ಲಿ ಬಾಂಬೂ ಇಲ್ಲ, ಹಡಗೂ ಇಲ್ಲ, ನಷ್ಟದ ಲೆಕ್ಕ ಅಷ್ಟೇ. ಆ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಈಗ ದಿನಾ ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಬಂಗಾರಪೇಟೆ ದಾಟೋ ಹೊತ್ತಿಗೇ ರೈಲು ತುಂಬಿರುತ್ತೆ. ಮಾಲೂರಿನಲ್ಲಿ ಹತ್ತೋ ನಮಗೆ ಬಾಗಿಲ ಹತ್ರ ನಿಲ್ಲೋಕೆ ಜಾಗ ಸಿಕ್ಕರೆ ಹೆಚ್ಚು.